ಇರುವೆ ಹತ್ತದ ಹೊಸ್ತಿಲು

ನಮ್ಮ ಊರಿನಲ್ಲಿ ಬಟ್ಟೆ ಹೊಲಿಯುವುದು ಹೊರಗಿನ ದರ್ಜಿಗಳಿಗೆ ಆಗುವ ಕೆಲಸವಲ್ಲ. ಬಂದು ನೋಡಿದವರಿದ್ದಾರೆ. ಒಬ್ಬ ಪೇಟೆಯಲ್ಲಿ ದೊಡ್ಡ ಬೋರ್ಡು ಹಾಕಿ, ದೀಪಾವಳಿ ಬರುವ ಮೊದಲೇ ಮಿಷನ್ನು ಗಾಡಿಗೇರಿಸಿಕೊಂಡು ಹೋದ. ಪಾಪ, ಎರಡು ಹೆಗಲೂ ಒಂದೇ ಎತ್ತರ ಎಂದು ತಿಳಿದು ಕತ್ತರಿ ಆಡಿಸುತ್ತಿದ್ದ. ಪ್ರಶ್ನೆ ಹೊತ್ತವರ ಎಡ ಹೆಗಲು ಇಳಿದಿರುತ್ತದೆ. ಆ ಕಡೆ ಇಳಿಜಾರು ಹೆಚ್ಚು ಕೊಟ್ಟು ಕತ್ತರಿಸಬೇಕು, ಅಂಚನ್ನು ಅಷ್ಟೇ ಮೇಲಕ್ಕೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅಂಗಿ ಒಂದು ಕಡೆ ಜೋತು ಬೀಳುತ್ತದೆ. ನಮ್ಮತ್ತೆ ನಾನು ಮದುವೆಯಾಗಿ ಬಂದ ವಾರವೇ ಇದನ್ನು ಕಲಿಸಿದಳು. ನಾನು ರಕುಮವ್ವ. ವಿಶ್ವವಿದ್ಯಾಲಯದ ದಿಬ್ಬಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ ನನ್ನ ಅಂಗಡಿ. ಈಗ ಹೇಳಹೊರಟಿರುವುದು ಹೊನ್ನೂರಮ್ಮನ ವಿಷಯ, ಆದರೆ ನನಗೆ ನಡುನಡುವೆ ಸಿಟ್ಟು ಬರುತ್ತದೆ, ಅದನ್ನು ನೀವು ಸಹಿಸಿಕೊಳ್ಳಬೇಕು.

ಪ್ರಶ್ನೆಗಳೆಲ್ಲ ದೊಡ್ಡ ಮನೆಗಳವು. ತಮ್ಮ ಹಿತ್ತಿಲ ಬೇವಿನ ಮರದ ನೆರಳು ಮರಕ್ಕಿಂತ ತುಸು ತಡವಾಗಿ ಯಾಕೆ ಅಲ್ಲಾಡುತ್ತದೆ ಎಂಬುದು ಗಂಧದಂಗಡಿಯವರ ಪ್ರಶ್ನೆ. ತಮ್ಮ ಪಡಸಾಲೆಯ ಗಂಟೆ ಮಂಗಳವಾರ ಮಾತ್ರ ಯಾಕೆ ಸದ್ದು ಮಾಡುವುದಿಲ್ಲ ಎಂಬುದು ಕಂಚುಗಾರರ ಮನೆಯದು. ಏಳಂಕಣದ ಮನೆಯವರದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಭಾರ: ನಮ್ಮ ಹೊಸ್ತಿಲನ್ನು ಇರುವೆ ಯಾಕೆ ದಾಟುವುದಿಲ್ಲ? ಇರುವೆ ಆ ಮನೆಯ ಮೆಟ್ಟಿಲು ಹತ್ತುತ್ತಿತ್ತು, ಹೊಸ್ತಿಲ ತನಕ ಬರುತ್ತಿತ್ತು, ನಿಂತು ಮೀಸೆ ಆಡಿಸುತ್ತಿತ್ತು, ತಿರುಗಿ ಹೋಗುತ್ತಿತ್ತು. ಅವರ ಮುತ್ತಜ್ಜ ಅಷ್ಟು ಸತ್ಯವಂತನಂತೆ, ಅಪ್ಪಣೆಯಿಲ್ಲದೆ ಇರುವೆ ಕೂಡ ಒಳಗೆ ಕಾಲಿಡುತ್ತಿರಲಿಲ್ಲವಂತೆ. ಹಾಗೆಂದು ಅವರೇ ಹೇಳುತ್ತಿದ್ದರು, ಊರೂ ಹೌದೆನ್ನುತ್ತಿತ್ತು.

ಹಿಂದೆ ಪ್ರಶ್ನೆಯನ್ನು ಆಯಾ ಮನೆಯ ಹಿರಿಯರೇ ಹೊರುತ್ತಿದ್ದರು. ದಿಬ್ಬದ ಮೇಲೆ ವಿಶ್ವವಿದ್ಯಾಲಯ ಬಂದಮೇಲೆ ಒಳ್ಳೆಯ ದಾರಿ ಸಿಕ್ಕಿತು. ಮನೆಯವರು ದತ್ತಿ ಇಟ್ಟರು. ಪ್ರತಿ ವರ್ಷ ಡಿಗ್ರಿ ಓದುವ ಬಡ ಮಕ್ಕಳಲ್ಲಿ ಒಬ್ಬರನ್ನು ಆರಿಸಿ, ಪೆಂಡಾಲು ಹಾಕಿ, ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಪ್ರಶ್ನೆ ಹೇಳುತ್ತಾರೆ. ಅಲ್ಲಿಗೆ ಭಾರ ಆ ಮಗುವಿನ ಹೆಗಲಿಗೆ ದಾಟಿತು. ಸಂಶೋಧನಾ ಸಹಾಯಕ ಎಂದು ಹೆಸರು. ವರ್ಷವಿಡೀ ಆ ಪ್ರಶ್ನೆಯ ಮೇಲೆ ಕೆಲಸ ಮಾಡಬೇಕು, ದಿನಕ್ಕೊಂದು ತಾಸು ಡಿಗ್ರಿಗೆ ಹೊಸದಾಗಿ ಸೇರಿದ ಕಿರಿಯ ತರಗತಿಗೆ ಪಾಠ ಹೇಳಬೇಕು. ಅದಕ್ಕೆ ಪ್ರತಿಯಾಗಿ ಫೀಸು ಮಾಫಿ, ಹಾಸ್ಟೆಲಿನಲ್ಲಿ ಕೋಣೆ, ಎರಡು ಹೊತ್ತು ಊಟ. ವರ್ಷದ ಕೊನೆಯಲ್ಲಿ ಒಪ್ಪಿಸುವ ದಿನ ಬರುತ್ತದೆ. ಅವತ್ತು ಪ್ರಶ್ನೆಯನ್ನು ಪಡೆದುಕೊಂಡ ಹಾಗೆಯೇ ಮನೆಯವರಿಗೆ ವಾಪಸು ಕೊಡಬೇಕು. ಸರಿಯಾಗಿ ಒಪ್ಪಿಸಿದವರಿಗೆ ಓದು ಮುಗಿಯುವ ತನಕ ಊಟ, ಕೋಣೆ, ಪಾಠ ಮುಂದುವರಿಯುತ್ತದೆ. ಅವರು ಅದೇ ಪೆಂಡಾಲಿನಲ್ಲಿ ಅದನ್ನು ಮುಂದಿನವರ ಹೆಗಲಿಗೆ ದಾಟಿಸಿ, ಕೈ ಒರೆಸಿಕೊಂಡು ಮನೆಗೆ ಹೋಗುತ್ತಾರೆ.

ಹೊರುವವರು ಬೇಕು, ಇಳಿಸುವವರು ಬೇಡ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉತ್ತರ ಗೊತ್ತಾದವರ ಹೆಗಲು ತಟ್ಟನೆ ಏಳುತ್ತದೆ. ನಾಲ್ಕು ಜನರ ಮುಂದೆ ಉತ್ತರ ಹೇಳಿಬಿಟ್ಟರೆ ಆ ಪ್ರಶ್ನೆ ಮತ್ತೆ ಯಾರ ಹೆಗಲ ಮೇಲೂ ಕೂರುವುದಿಲ್ಲ. ಪ್ರಶ್ನೆ ಕಳೆದುಕೊಂಡ ಮನೆಗೆ ಮದುವೆ ಮುಂಜಿಗಳಲ್ಲಿ ಮುಂದಿನ ಸಾಲಿನ ಕುರ್ಚಿ ಇಲ್ಲ. ಹತ್ತಿ ವ್ಯಾಪಾರದವರ ಮನೆಯ ಅಳಿಯ ಒಂದು ಸಲ ಸ್ನಾನ ಮಾಡುತ್ತಾ ಉತ್ತರ ಹೊಳೆದು ಬಚ್ಚಲಿನಿಂದಲೇ ಕೂಗಿಬಿಟ್ಟ. ಆ ಮನೆಯವರು ಇವತ್ತಿಗೂ ಹಿಂದಿನ ಬೆಂಚಿನಲ್ಲೇ ಕೂರುತ್ತಾರೆ. ಅದಕ್ಕೇ ಸಹಾಯಕರೆಲ್ಲ ವರ್ಷದ ಕೊನೆಗೆ ದಪ್ಪ ದಪ್ಪ ವರದಿ ಬರೆದು, ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕು ಎಂದು ಮುಗಿಸುತ್ತಿದ್ದರು.

ಒಪ್ಪಿಸುವ ದಿನ ಪ್ರಶ್ನೆ ಸರಿಯಾಗಿದೆಯೋ ಇಲ್ಲವೋ ನೋಡುವವಳು ನಾನು. ನಮ್ಮತ್ತೆಯ ನಂತರ ಆ ಕೆಲಸ ನನಗೆ ಬಂತು. ಸಹಾಯಕರ ಬೆನ್ನ ಹಿಂದೆ ನಿಂತು ಎರಡು ಹೆಗಲ ಮೇಲೆ ಅಡ್ಡಲಾಗಿ ಅಳತೆಕೋಲು ಇಟ್ಟು, ಅದರ ನಡುವೆ ಒಂದು ನಿಂಬೆಹಣ್ಣು ಇಡುತ್ತೇನೆ. ಹಣ್ಣು ಎಡಕ್ಕೆ ಉರುಳುತ್ತದೆ, ದತ್ತಿಯ ಮನೆಯವರು ಅದನ್ನು ಶಲ್ಯದಲ್ಲಿ ಹಿಡಿಯುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ನನಗೆ ಆ ನಿಂಬೆಹಣ್ಣನ್ನು ಕೊಡುತ್ತಾರೆ. ಏಳಂಕಣದ ಮನೆಯವರು ಮಾತ್ರ ಅದನ್ನೂ ಮನೆಗೆ ಒಯ್ಯುತ್ತಾರೆ. ಅವರ ಮನೆಗೆ ಎಷ್ಟು ಹಬ್ಬಕ್ಕೆ ಹೋಗಿ ಎಷ್ಟು ಜುಬ್ಬಕ್ಕೆ ಅಳತೆ ತೆಗೆದಿದ್ದೇನೋ, ಒಂದು ಲೋಟ ಮಜ್ಜಿಗೆ ಕಂಡಿಲ್ಲ. ಬಂದವರಿಗೆ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ನೀರು ಬೇಕೇ ಎಂದು ಕೇಳುವುದಿಲ್ಲ.

ಹೊನ್ನೂರಮ್ಮ ಆ ಮನೆಯ ಪ್ರಶ್ನೆ ಹೊತ್ತದ್ದು ಡಿಗ್ರಿಯ ಎರಡನೆಯ ವರ್ಷದಲ್ಲಿ. ಕುರಿ ಕಾಯುವವರ ಮಗಳು. ಎಲುಬು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಮೊದಲ ಸಲ ಅಂಗಡಿಗೆ ಬಂದಾಗ ಎಡಕ್ಕೆ ವಾಲಿದ ದೇಹವನ್ನು ಸರಿದೂಗಿಸಲು ಬಲಗೈಯಲ್ಲಿ ನೀರು ತುಂಬಿದ ಕೊಡಪಾನ ಹಿಡಿದಿದ್ದಳು. ಎಲ್ಲರೂ ಮೊದಮೊದಲು ಹಾಗೆ ಏನಾದರೂ ಹಿಡಿಯುತ್ತಾರೆ. "ಕುರಿಮರಿ ಹೆಗಲ ಮ್ಯಾಲೆ ಹಾಕ್ಕೊಂಡು ಬೆಟ್ಟ ಹತ್ತಿದೀನಿ ಅವ್ವಾ, ಅದಾದ್ರೂ ಮೈಗೆ ಬೆಚ್ಚಗಿರ್ತಿತ್ತು. ಇದು ಬರೀ ಭಾರ," ಎಂದಳು. ಅವಳಿಗೆ ಮೇಷ್ಟ್ರಾಗುವ ಆಸೆ. ಹಾಸ್ಟೆಲಿನ ಊಟ ನಿಂತರೆ ಓದು ನಿಂತಂತೆ, ಓದು ನಿಂತರೆ ಮತ್ತೆ ಕುರಿಯ ಹಿಂದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿರಿಯರ ತರಗತಿಯೆಂದರೆ ಅವಳಿಗೆ ಜೀವ. ಬೇರೆ ಸಹಾಯಕರು ಆ ಒಂದು ತಾಸು ತಮ್ಮ ತಮ್ಮ ಮನೆತನದ ಪ್ರಶ್ನೆಯನ್ನು ಹೊಗಳಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ಮಕ್ಕಳನ್ನು ಹೊರಗೆ ಕರೆದೊಯ್ದು, ನೆಲದ ಮೇಲೆ ಕೂರಿಸಿ, ಕಣ್ಣಿಗೆ ಬಿದ್ದದ್ದರ ಬಗ್ಗೆಯೆಲ್ಲ ಯಾಕೆ ಎಂದು ಕೇಳಿಸುತ್ತಿದ್ದಳು.

ಏಳಂಕಣದ ಮನೆಯಲ್ಲಿ ಸಹಾಯಕರಿಗೆ ಜಾಗ ಹೊಸ್ತಿಲಿನ ಹೊರಗೆ, ಜಗುಲಿಯ ಮೇಲೆ. ಅವಳಿಗಿಂತ ಮುಂಚಿನವರೆಲ್ಲ ಅಲ್ಲೇ ಕೂತು ಭೂತಗನ್ನಡಿ ಹಿಡಿದು ಹೊಸ್ತಿಲ ಕಲ್ಲು ನೋಡಿದರು, ಮರ ನೋಡಿದರು, ದಿಕ್ಕು ನೋಡಿದರು, ಕುಂಕುಮ ಅರಿಶಿನ ಕೆರೆದು ನೋಡಿದರು. ಇರುವೆಯನ್ನು ಓಡಿಸುವುದು ಯಾವುದು ಎಂದು ಎಲ್ಲರೂ ಹುಡುಕಿದರು. ಹೊನ್ನೂರಮ್ಮ ಕೂಡ ಮಳೆಗಾಲ, ಚಳಿಗಾಲ ಅದನ್ನೇ ಮಾಡಿದಳು. ಬೇಸಿಗೆಯಲ್ಲಿ ಒಂದು ದಿನ ಜಗುಲಿಯ ಕಲ್ಲು ಕಾದು ಕೂರಲು ಆಗದಂತಾಯಿತು. ಮನೆಯಲ್ಲಿ ಅವತ್ತು ಯಜಮಾನ ರಾಚಪ್ಪನವರ ತಾಯಿ ವೀರವ್ವಜ್ಜಿ ಒಬ್ಬಳೇ ಇದ್ದಳು. ಅಜ್ಜಿಗೆ ಮರುಕ ಬಂದು, "ಒಳಗೆ ಬಾರೆ ತಾಯಿ, ಬಿಸಿಲಾಗೆ ಸುಟ್ಕೊಂಡು ಸಾಯ್ತೀಯ," ಎಂದು ಕರೆದಳು.

ಹೊನ್ನೂರಮ್ಮ ಒಳಗೆ ಹೋಗಿ ಹೊಸ್ತಿಲ ಪಕ್ಕದಲ್ಲೇ ಕೂತಳು. ಹೊಟ್ಟೆ ಹಸಿದಿತ್ತು. ಹಾಸ್ಟೆಲಿನ ಎರಡು ಊಟದ ನಡುವೆ ಇರಲಿ ಎಂದು ಊರಿನಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿತ್ತು. ಬಿಚ್ಚಿದಳು. ಅಜ್ಜಿ ಅದನ್ನೇ ನೋಡುತ್ತಾ ನಿಂತಳು. ಒಬ್ಬರೇ ತಿನ್ನುವುದು ಕುರಿಹಟ್ಟಿಯವರಿಗೆ ಗೊತ್ತಿಲ್ಲ. ಹೊನ್ನೂರಮ್ಮ ರೊಟ್ಟಿಯನ್ನು ಮುರಿದು ಅರ್ಧ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಆ ಕಡೆ ಈ ಕಡೆ ನೋಡಿ, ಕೂತು, ತಿಂದಳು. ಒಣಗಿಸಿದ ಕಟಿ ರೊಟ್ಟಿ, ಮುರಿದರೆ ಚೂರು ಬೀಳದೆ ಇರುತ್ತದೆಯೇ? ಒಂದಷ್ಟು ಪುಡಿ ನೆಲದ ಮೇಲೆ ಬಿತ್ತು. ಅಜ್ಜಿ ಗಾಬರಿಯಾಗಿ ಒದ್ದೆ ಬಟ್ಟೆ ತರಲು ಎದ್ದಳು. ಆ ಮನೆಯಲ್ಲಿ ಉಂಡ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಹಿಂಡಿ, ಆ ನೀರನ್ನು ಎಮ್ಮೆಗೆ ಕುಡಿಸುತ್ತಾರೆ. "ಕುಂದ್ರವ್ವಾ, ಆಮ್ಯಾಲೆ ನಾನೇ ಒರೆಸ್ತೀನಿ," ಎಂದಳು ಹೊನ್ನೂರಮ್ಮ.

ಮೊದಲು ಒಂದು ಇರುವೆ ಬಂತು. ಹೊಸ್ತಿಲ ಮೇಲೆ ನಿಂತು ಮೀಸೆ ಆಡಿಸಿತು, ಇಳಿಯಿತು, ಒಂದು ಚೂರು ಹೊತ್ತುಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಸಾಲು ಹಿಡಿದು ಬಂದವು. ಹೊನ್ನೂರಮ್ಮನ ಹೆಗಲು ಎಷ್ಟು ತಟ್ಟನೆ ಎದ್ದಿತೆಂದರೆ, ವರ್ಷವಿಡೀ ಬಲಕ್ಕೆ ಜಗ್ಗಿ ಜಗ್ಗಿ ರೂಢಿಯಾದ ಮೈ ಕೂತಲ್ಲೇ ಬಲಕ್ಕೆ ಉರುಳಿ ಗೋಡೆಗೆ ತಲೆ ಬಡಿಯಿತು. ಆ ಮನೆಯಲ್ಲಿ ಇರುವೆಗೆ ಹೆದರಿಕೆಯಾಗುವಂಥದ್ದು ಏನೂ ಇರಲಿಲ್ಲ. ತಿನ್ನಲು ಏನೂ ಇರಲಿಲ್ಲ, ಅಷ್ಟೇ. ಮುತ್ತಜ್ಜನ ಕಾಲದಿಂದ ಆ ನೆಲದ ಮೇಲೆ ಒಂದು ಅಗುಳು ಉಳಿದಿರಲಿಲ್ಲ. ಯಾಕೆಂದರೆ ತಾವು ಉಂಡದ್ದನ್ನು ಒರೆಸಿಬಿಡುತ್ತಿದ್ದರು, ಹೊರಗಿನವರು ಯಾರೂ ಅಲ್ಲಿ ಕೂತು ಉಂಡಿರಲಿಲ್ಲ.

"ಈ ಮನಿಗೆ ಬಂದಾಗಿಂದ ಇರುವೆ ನೋಡಿರ್ಲಿಲ್ಲ ಕಣವ್ವಾ. ನಮ್ಮ ತೌರಿನಾಗೆ ಇರ್ತಿದ್ವು," ಎಂದು ಅಜ್ಜಿ ನೆಲಕ್ಕೆ ಬಗ್ಗಿ ನೋಡುತ್ತಾ ಕೂತಳಂತೆ.

ಮಾರನೆಯ ಬೆಳಿಗ್ಗೆ ಹೊನ್ನೂರಮ್ಮ ನನ್ನ ಅಂಗಡಿಗೆ ಬಂದಳು. ನಾನು ಎಡಕ್ಕೆ ಇಳಿಸಿ ಹೊಲಿದ ರವಿಕೆ ಅವಳ ನೆಟ್ಟಗಿನ ಮೈಮೇಲೆ ಸೊಟ್ಟಗೆ ಕೂತಿತ್ತು. ಟೇಪು ಹಿಡಿಯುವುದೇ ಬೇಡವಾಗಿತ್ತು. "ಏನೇ ಇದು, ಇಳಿಸಿಬಿಟ್ಯಾ?" ಎಂದೆ. ಕೂತು ಎಲ್ಲ ಹೇಳಿದಳು. ನಾನು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಸೂಜಿಯ ಕಣ್ಣು ಕಾಣದೆ ಕೆಲಸ ನಿಲ್ಲಿಸಬೇಕಾಯಿತು. ಅಷ್ಟು ಹಬ್ಬದ ಮಜ್ಜಿಗೆ ನನಗೆ ಅವತ್ತು ಒಟ್ಟಿಗೆ ಸಿಕ್ಕಿತು. ಆಮೇಲೆ ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. "ಒಪ್ಪಿಸೋ ದಿನ ಬಂತಲ್ಲವ್ವಾ. ಹಣ್ಣು ಉರುಳೋದಿಲ್ಲ. ಊಟ ಹೋಗ್ತೈತೆ, ಕ್ಲಾಸು ಹೋಗ್ತೈತೆ. ಇನ್ನೊಂದು ವರ್ಷ ಉಳಿದಿತ್ತು," ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

ನೆಟ್ಟಗೆ ನಡೆಯುವುದನ್ನು ಎಲ್ಲಿ ಬಚ್ಚಿಡುತ್ತೀರಿ? ದಿಬ್ಬ ಇಳಿದು ಪೇಟೆ ದಾಟುವಷ್ಟರಲ್ಲಿ ನಾಲ್ಕು ಜನ ನೋಡಿದ್ದರು. ಸಂಜೆಯೊಳಗೆ ರಾಚಪ್ಪನವರು ನನ್ನ ಅಂಗಡಿಗೇ ಬಂದರು. ಜೊತೆಗೆ ಅವಳ ವಿಭಾಗದ ಪ್ರೊಫೆಸರ್ ತಿಪ್ಪಣ್ಣನವರು. ಹೊನ್ನೂರಮ್ಮ ಒಳಗೆ ಗುಂಡಿ ಹಚ್ಚುತ್ತಾ ಕೂತಿದ್ದಳು. ರಾಚಪ್ಪನವರು ಕೆಟ್ಟ ಮಾತಿನ ಮನುಷ್ಯರಲ್ಲ. ಅವರ ದನಿ ಯಾವಾಗಲೂ ತುಪ್ಪದಲ್ಲಿ ಅದ್ದಿ ತೆಗೆದ ಹಾಗೆ, ತುಪ್ಪ ಮಾತ್ರ ಕಾಣಿಸುವುದಿಲ್ಲ.

"ಏನೋ ಆಗಿದ್ದು ಆಗಿಹೋತು ರಕುಮವ್ವಾ. ಹುಡುಗಿ ರವಿಕೆಗೆ ಬಲ ಹೆಗಲಾಗೆ ಒಂದು ಹಿಡಿ ಹತ್ತಿ ತುಂಬು. ಆ ಕಡೆ ಎತ್ತರ ಆದ್ರೆ ಹಣ್ಣು ತಾನೇ ಈ ಕಡೆ ಬರ್ತೈತೆ. ನಾನು ಹಿಡ್ಕೊಂತೀನಿ. ಮುಂದಿನ ವರ್ಷವೂ ಈಕಿಗೆ ಊಟ, ಕೋಣೆ, ಕ್ಲಾಸು ಎಲ್ಲ ಹಿಂಗೇ ಅಂತ ಅಲ್ಲೇ ಹೇಳಿಬಿಡ್ತೀನಿ. ಓದು ಮುಗಿದ ಮ್ಯಾಲೆ ಇಲ್ಲೇ ಪಾಠ ಹೇಳೋ ಕೆಲಸ," ಎಂದರು.

"ಅದೆಲ್ಲ ನಮ್ಮ ಅಂಗಡಿಯಾಗೆ ಮಾಡಂಗಿಲ್ರಿ," ಎಂದೆ.

"ನಿಮ್ಮ ಅಂಗಡಿಯಾಗೇ ಮಾಡಿದ್ದು," ಎಂದರು ತಿಪ್ಪಣ್ಣನವರು, ನೆಲ ನೋಡುತ್ತಾ. "ನಿಮ್ಮತ್ತೆಯವರು. ನನಗೇ ಹಾಕಿಕೊಟ್ಟರು. ನಾನೂ ಇದೇ ಮನೆಯ ಸಹಾಯಕನಾಗಿದ್ದೆ. ಕಡ್ಲೆಪುರಿ ತಿಂತಾ ಹೊಸ್ತಿಲ ಮೇಲೆ ಕೂತಿದ್ದೆ, ನಾಲ್ಕು ಕಾಳು ಒಳಗೆ ಉರುಳಿದವು." ಹೊನ್ನೂರಮ್ಮ ಗುಂಡಿ ಕೆಳಗಿಟ್ಟು ಹೊರಗೆ ಬಂದಳು. "ಹಂಗಾದ್ರೆ ನಿಮಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ನನಗೆ ಯಾಕೆ ಹೊರಿಸಿದ್ರಿ ಸಾರ್?" ಎಂದು ಕೇಳಿದಳು.

ತಿಪ್ಪಣ್ಣನವರು ತಲೆ ಎತ್ತಿದರು. ಅವರನ್ನೂ ಪೂರ್ತಿ ಬೈಯಲಾರೆ. ಅವರು ಹೇಳಿದ ಮಾತಿನಲ್ಲಿ ತೂಕವಿತ್ತು. "ಊಟಕ್ಕೆ. ನೀನು ಹೋದ ವರ್ಷ ನನ್ನ ಕೋಣೆ ಮುಂದೆ ನಿಂತು ಸಾರ್ ಎಲ್ಲಾದ್ರೂ ಊಟಕ್ಕೆ ದಾರಿ ಮಾಡಿಕೊಡ್ರಿ ಅಂದಿಯಲ್ಲ, ಅದಕ್ಕೆ. ನೀನು ಒಪ್ಪಿಸೋ ದಿನ ಪೆಂಡಾಲಿನಾಗೆ ಹೇಳಿಬಿಟ್ರೆ ಈ ದತ್ತಿ ಮುಗೀತು. ಮುಂದಿನ ವರ್ಷ ನಿನ್ನಂಥ ಇನ್ನೊಬ್ಬಳು ನನ್ನ ಕೋಣೆ ಮುಂದೆ ನಿಲ್ತಾಳೆ. ಅವಳಿಗೆ ನಾನು ಏನು ಹೇಳಲಿ?" ರಾಚಪ್ಪನವರು ಹೊನ್ನೂರಮ್ಮನ ತಲೆ ಮುಟ್ಟಿ, ಯೋಚನೆ ಮಾಡು ತಾಯಿ ಎಂದು ಹೇಳಿ ಹೋದರು. ಮುಟ್ಟಿದ ಜಾಗವನ್ನು ಅವಳು ಸೆರಗಿನಲ್ಲಿ ಒರೆಸಿಕೊಂಡಳು.

ಮೂರು ನಾಲ್ಕು ದಿನ ಅವಳು ಬರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ. ಅವಳ ಅನ್ನದ ವಿಷಯ, ನಾನು ಮೂಗು ತೂರಿಸಿ ಹೀಗೆ ಮಾಡು ಹಾಗೆ ಮಾಡು ಎನ್ನುವುದು ಸುಲಭ, ಹಾಸ್ಟೆಲಿನ ತಟ್ಟೆ ಕಳೆದುಕೊಳ್ಳುವವಳು ಅವಳು. ಆದರೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮತ್ತೆ ಸತ್ತು ಸ್ವರ್ಗದಲ್ಲಿದ್ದಾಳೆ, ಅವಳ ಮೇಲೂ ಸಿಟ್ಟು ಬಂತು. ಅವಳ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ಒಪ್ಪಿಸುವ ದಿನದ ಹಿಂದಿನ ಮಧ್ಯಾಹ್ನ ಅವಳು ಬಂದಳು. ತರಗತಿಯಿಂದ ಸೀದಾ ಬಂದಿದ್ದಳು, ಕೈಯಲ್ಲಿ ಸೀಮೆಸುಣ್ಣದ ಪುಡಿ ಇತ್ತು. "ಮಕ್ಕಳನ್ನ ಕೇಳಿದೆ ಅವ್ವಾ," ಎಂದಳು. "ಹೊರಿಸೋರಿಗೆ ಉತ್ತರ ಗೊತ್ತಿರೋ ಪ್ರಶ್ನೆನ ನೀವು ಹೊರ್ತೀರಾ ಅಂತ. ಮೊದಲ ಬೆಂಚಿನ ಹುಡುಗಿ, ಜಾಣೆ ಅವಳು, ಎದ್ದು ನಿಂತು ಹೇಳಿದ್ಲು, ಊಟ ಸಿಗ್ತೈತಲ್ಲ ಅಕ್ಕಾ, ಹೊರ್ತೀನಿ ಅಂತ. ಎಲ್ಲರೂ ಹೌದು ಹೌದು ಅಂದ್ರು. ಒಬ್ಬರೂ ಯಾಕೆ ಅಂತ ಕೇಳ್ಲಿಲ್ಲ. ವರ್ಷವೆಲ್ಲ ನಾನು ಕಲಿಸಿದ್ದು ಇದನ್ನೇ ಆಯ್ತಲ್ಲ."

"ಅವರಿಗೂ ಹಸಿವಾಗ್ತೈತಲ್ಲೇ," ಎಂದೆ.

"ಆಗ್ತೈತೆ. ನನಗೂ ಆಗ್ತೈತೆ. ಹಸಿವು ಐತೆ ಅಂತ ಊಟ ಕೊಡ್ಲಿ. ಇವರು ಹಸಿವು ಐತೆ ಅಂತ ಸುಳ್ಳು ಹೊರಿಸ್ತಾರೆ, ಮ್ಯಾಲೆ ದಾನಿ ಅಂತ ಹಾರ ಹಾಕಿಸ್ಕೊಂತಾರೆ. ನನ್ನ ಹೆಗಲು ನೆಟ್ಟಗೈತೆ ಅವ್ವಾ. ನೆಟ್ಟಗಿರೋ ಹೆಗಲಿಗೆ ಏನು ಹೊಲೀಬೇಕೋ ಅದನ್ನ ಹೊಲಿ. ಹತ್ತಿ ಬೇಡ."

ಬೇಡ ಎಂದರೆ ಬೇಡ. ಅವಳನ್ನು ಕೂರಿಸಿಕೊಂಡೇ ಹೊಲಿದೆ. ಎರಡು ಹೆಗಲೂ ಒಂದೇ ಅಳತೆ, ಎರಡು ಅಂಚೂ ಒಂದೇ ಮಟ್ಟ. ಸಹಾಯಕರಿಗೆ ನಾನು ಎಂದೂ ಹಾಗೆ ಕತ್ತರಿಸಿದವಳಲ್ಲ, ಕೈ ಎರಡು ಸಲ ತಾನಾಗಿ ಎಡಕ್ಕೆ ಹೋಯಿತು. ರಾಚಪ್ಪನವರ ಆಳು ಬಂದು, ಹತ್ತಿ ಹಾಕಿದ್ರಾ ಎಂದು ಬಾಗಿಲಲ್ಲಿ ನಿಂತು ಕೇಳಿದ. ನಾಳೆ ನಿಮ್ಮ ಯಜಮಾನರು ತಾವೇ ನೋಡ್ಕೊಳ್ಲಿ ಎಂದು ಹೇಳಿ ಕಳಿಸಿದೆ.

ಪೆಂಡಾಲು ಆ ವರ್ಷ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನಲ್ಲಿ ಪ್ರಶ್ನೆಯುಳ್ಳ ಮನೆಗಳವರು, ಹಿಂದೆ ಊರಿನವರು, ಪಕ್ಕದಲ್ಲಿ ನೆಲದ ಮೇಲೆ ಕಿರಿಯ ತರಗತಿಯ ಮಕ್ಕಳು. ಗಂಧದಂಗಡಿಯವರ ಹುಡುಗನ ಹಣ್ಣು ಉರುಳಿತು, ಚಪ್ಪಾಳೆ. ಕಂಚುಗಾರರ ಮನೆಯ ಹುಡುಗನದೂ ಉರುಳಿತು, ಚಪ್ಪಾಳೆ. ಆಮೇಲೆ ತಿಪ್ಪಣ್ಣನವರು ಮೈಕಿನಲ್ಲಿ ಏಳಂಕಣದ ಮನೆಯ ಹೆಸರು ಹೇಳಿದರು. ಹೊನ್ನೂರಮ್ಮ ಬಂದು ನನಗೆ ಬೆನ್ನು ಕೊಟ್ಟು ನಿಂತಳು. ಅವಳ ಕತ್ತಿನ ಹಿಂದೆ ಬೆವರು ಹನಿಯುತ್ತಿತ್ತು. ರಾಚಪ್ಪನವರು ಎಡಗಡೆ ಶಲ್ಯ ಹರಡಿ ಹಿಡಿದು ನಗುತ್ತಾ ನಿಂತರು.

ಕೋಲು ಇಟ್ಟೆ. ಹಣ್ಣು ಇಟ್ಟೆ. ಕೈ ತೆಗೆದೆ. ಹಣ್ಣು ಇಟ್ಟಲ್ಲೇ ಕೂತಿತು. ರಾಚಪ್ಪನವರು ಶಲ್ಯವನ್ನು ಇನ್ನಷ್ಟು ಹತ್ತಿರ ತಂದರು, ಒಂದು ಸಲ ಮೆಲ್ಲಗೆ ಊದಿಯೂ ನೋಡಿದರು, ನಾನು ಕಣ್ಣಾರೆ ಕಂಡಿದ್ದೇನೆ. ಹಣ್ಣು ಅಲ್ಲಾಡಲಿಲ್ಲ. ನಾನು ಎಂದೂ ಪೆಂಡಾಲಿನಲ್ಲಿ ಬಾಯಿ ತೆರೆದವಳಲ್ಲ, ಹಣ್ಣು ಉರುಳಿದರೆ ಸಾಕು, ಮಾತು ಬೇಕಾಗುತ್ತಿರಲಿಲ್ಲ. ಅವತ್ತು ಕೊನೆಯ ಸಾಲಿನವರಿಗೂ ಕೇಳಿಸುವಂತೆ, "ಹೆಗಲು ಸಮ ಐತೆ," ಎಂದೆ.

"ಪ್ರಶ್ನೆ ಒಪ್ಪಿಸೋಕೆ ನನ್ನ ಹತ್ರ ಪ್ರಶ್ನೆ ಇಲ್ಲ," ಎಂದಳು ಹೊನ್ನೂರಮ್ಮ. ಮೈಕು ಅವಳ ಕಡೆ ಇರಲಿಲ್ಲ, ಆದರೆ ಕುರಿಮಂದೆ ಕೂಗಿದ ಗಂಟಲಿಗೆ ಮೈಕು ಯಾಕೆ? "ಉತ್ತರ ಐತೆ. ಏಳಂಕಣದ ಮನೆ ಹೊಸ್ತಿಲು ಇರುವೆ ಯಾಕೆ ದಾಟಲ್ಲ ಅಂದ್ರೆ, ಒಳಗೆ ಅದಕ್ಕೆ ತಿನ್ನೋಕೆ ಒಂದು ಚೂರೂ ಇಲ್ಲ. ಮುತ್ತಜ್ಜನ ಕಾಲದಿಂದ ಆ ಮನೆ ಒಳಗೆ ಯಾರನ್ನೂ ಕೂರಿಸಿ ಊಟ ಹಾಕಿಲ್ಲ. ನಾನು ಒಳಗೆ ಕೂತು ರೊಟ್ಟಿ ಮುರಿದೆ, ಇರುವೆ ಬಂದ್ವು."

ಮುಂದಿನ ಸಾಲಿನಲ್ಲಿ ಕೂತಿದ್ದ ವೀರವ್ವಜ್ಜಿ ಕೋಲೂರಿ ಎದ್ದು ನಿಂತಳು. ರಾಚಪ್ಪನವರು, "ಅವ್ವಾ, ನೀನು ಕುಂದ್ರು," ಎಂದರು. ಅಜ್ಜಿ ಕೂರಲಿಲ್ಲ. "ಖರೇ ಐತೆ. ಅರ್ಧ ರೊಟ್ಟಿ ನಾನು ತಿಂದೆ. ಚಲೋ ಇತ್ತು," ಎಂದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹತ್ತಿ ವ್ಯಾಪಾರದವರ ಅಳಿಯ ಮೊದಲು ನಕ್ಕ. ಆಮೇಲೆ ಪೆಂಡಾಲಿಗೆ ಪೆಂಡಾಲೇ ನಕ್ಕಿತು.

ಮುಂದಿನ ಸಹಾಯಕಿ ಎಂದು ಆರಿಸಿದ್ದ ಹುಡುಗಿ, ಅದೇ ಮೊದಲ ಬೆಂಚಿನವಳು, ಪಕ್ಕದಲ್ಲಿ ಕಾಯುತ್ತಾ ನಿಂತಿದ್ದಳು. ರಾಚಪ್ಪನವರು ಅವಳ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಪ್ರಶ್ನೆ ಹೇಳಲು ನೋಡಿದರು. ತುಟಿ ಅಲ್ಲಾಡಿತು, ಹೆಗಲು ಅಲ್ಲಾಡಲಿಲ್ಲ. ಅವರು ಕೈ ಇನ್ನಷ್ಟು ಒತ್ತಿದರು. ಆ ಹುಡುಗಿ ಅವರ ಮುಖವನ್ನೇ ನೋಡಿ, "ಯಾಕೆ ಒತ್ತುತ್ತೀರಿ?" ಎಂದು ಕೇಳಿದಳು. ಹೊನ್ನೂರಮ್ಮ ಅವತ್ತು ಅತ್ತದ್ದು ಅದೊಂದೇ ಸಲ, ಅದೂ ಆ ಮಾತು ಕೇಳಿ.

ದತ್ತಿ ಹೋಯಿತು. ಹಾಸ್ಟೆಲಿನ ಕೋಣೆಗೆ ಮರುದಿನವೇ ಬೇರೆ ಬೀಗ ಬಿತ್ತು. ಅವಳು ಟ್ರಂಕು ಹೊತ್ತುಕೊಂಡು ನನ್ನ ಅಂಗಡಿಗೆ ಬಂದಳು, ಇರು ಎಂದು ನಾನು ಹೇಳಲೂ ಇಲ್ಲ, ಇರಲಾ ಎಂದು ಅವಳು ಕೇಳಲೂ ಇಲ್ಲ. ಕಿರಿಯರ ತರಗತಿಗೆ ಬೇರೆಯವರನ್ನು ಹಾಕಿದರು. ಮಕ್ಕಳು ಅವರ ಪಾಠ ಮುಗಿಸಿ ದಿಬ್ಬ ಇಳಿದು ನನ್ನ ಅಂಗಡಿಯ ಕಟ್ಟೆಗೆ ಬರತೊಡಗಿದರು. ಒಬ್ಬೊಬ್ಬರೂ ಏನಾದರೂ ತಿನ್ನಲು ತರುತ್ತಾರೆ, ಹಂಚಿಕೊಳ್ಳುತ್ತಾರೆ, ಕಟ್ಟೆಯ ತುಂಬ ಪುಡಿ. ತಿಪ್ಪಣ್ಣನವರು ಒಂದು ಸಲ ಬಂದು ಮಕ್ಕಳ ಹಿಂದೆ ಕೂತು ಕೇಳಿ, ಹೋಗುವಾಗ ಹೊನ್ನೂರಮ್ಮನ ಕೈಗೆ ಕಡ್ಲೆಪುರಿಯ ಪೊಟ್ಟಣ ಕೊಟ್ಟು ಹೋದರು. ಅವರ ಕೋಣೆಯ ಮುಂದೆ ನಿಂತ ಆ ಮೊದಲ ಬೆಂಚಿನ ಹುಡುಗಿಗೆ ತಮ್ಮ ಮನೆಯಲ್ಲೇ ಊಟ ಹಾಕುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು.

ಒಂದು ದಿನ ಹೊನ್ನೂರಮ್ಮನ ರವಿಕೆ ಮತ್ತೆ ಸೊಟ್ಟಗೆ ಕೂತದ್ದು ಕಂಡೆ. ನಿಲ್ಲಿಸಿ ನೋಡಿದರೆ ಎಡ ಹೆಗಲು ಬೆರಳಗಲ ಇಳಿದಿದೆ. ಇದು ಯಾರ ಮನೆಯದೇ ಎಂದೆ. "ಯಾರ ಮನೇದೂ ಅಲ್ಲ, ನಂದು," ಎಂದಳು. "ಉತ್ತರ ಗೊತ್ತಿರೋರು ಇಷ್ಟು ಜನ ಯಾಕೆ ಸುಮ್ಮನಿರ್ತಾರೆ ಅಂತ." ಊರಿನಲ್ಲಿ ಸ್ವಂತ ಪ್ರಶ್ನೆ ಹೊತ್ತವರನ್ನು ನಾನು ನೋಡಿರಲಿಲ್ಲ. ಭಾರ ಇದೆಯೇನೇ ಎಂದು ಕೇಳಿದೆ. ಐತೆ, ಆದ್ರೆ ಬೆಚ್ಚಗೈತೆ ಎಂದಳು.

ಆ ಸುದ್ದಿ ಏಳಂಕಣದ ಮನೆಗೂ ಮುಟ್ಟಿತು. ಅಲ್ಲಿ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಮದುವೆಗಳಲ್ಲಿ ರಾಚಪ್ಪನವರಿಗೆ ಹಿಂದಿನ ಬೆಂಚು. ಊರಿನವರು ದಾರಿಯಲ್ಲಿ ಸಿಕ್ಕರೆ, ಊಟ ಆಯ್ತಾ ಯಜಮಾನರೇ ಎಂದು ಬೇಕೆಂದೇ ಕೇಳುತ್ತಿದ್ದರು. ಊಟ ಹಾಕಿಸಿ ಬಾಯಿ ಮುಚ್ಚಿಸೋಣವೆಂದರೆ ಇರುವೆ ಬರುತ್ತದೆ, ಬಂದರೆ ಹುಡುಗಿ ಹೇಳಿದ್ದು ನಿಜವಾಗುತ್ತದೆ. ಹಾಕಿಸದಿದ್ದರೂ ನಿಜವಾಗುತ್ತದೆ. ಕೊನೆಗೆ ಒಂದು ಮಧ್ಯಾಹ್ನ, ನಾವು ಊಟಕ್ಕೆ ಕೂತಾಗ, ಅವರೇ ಬಂದು ಅಂಗಡಿಯ ಬಾಗಿಲಲ್ಲಿ ನಿಂತರು.

"ನಿನ್ನ ಹತ್ರ ಹೊಸ ಪ್ರಶ್ನೆ ಐತಂತೆ," ಎಂದರು ಹೊನ್ನೂರಮ್ಮನಿಗೆ. "ಅದನ್ನ ನಮ್ಮ ಮನೆ ಹೆಸರಿಗೆ ಕೊಡು. ದತ್ತಿ ಮತ್ತೆ ಇಡ್ತೀನಿ. ನೀನೇ ಸಹಾಯಕಿ, ಹಾಸ್ಟೆಲು, ಕ್ಲಾಸು, ಎಲ್ಲ ಮೊದಲಿನಂಗೆ. ಉತ್ತರ ಸಿಕ್ಕರೂ ನಾನು ಏನೂ ಅನ್ನಲ್ಲ."

ನಾನು ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದೆ. ಅವಳಿಗೆ ಬೇಕಾಗಿದ್ದದ್ದೆಲ್ಲ ಬಾಗಿಲಲ್ಲಿ ಬಂದು ನಿಂತಿತ್ತು. ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು, ನಾವಿಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಅವಳು ಬಾಯಲ್ಲಿದ್ದದ್ದನ್ನು ಅಗಿದು ನುಂಗಿ, ನೀರು ಕುಡಿದು, ಹೇಳಿದಳು. "ಪ್ರಶ್ನೆ ನಂದು ಯಜಮಾನ್ರೇ. ಹೊರೋದೂ ನಾನೇ, ಇಳಿಸೋದೂ ನಾನೇ. ಕೊಡಲ್ಲ. ಫೀಸಿಗೆ ಏನಾದ್ರೂ ದಾರಿ ಮಾಡ್ಕೊಂತೀನಿ, ಇಲ್ಲಾಂದ್ರೆ ಇದೇ ಕಟ್ಟೆ ಮ್ಯಾಲೆ ಓದ್ತೀನಿ. ನಿಮ್ಮ ಮನಿಗೆ ಬರಬಾರದು ಅಂತೇನಿಲ್ಲ. ಊಟಕ್ಕೆ ಕರೀರಿ, ಬರ್ತೀನಿ."

ರಾಚಪ್ಪನವರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಊಟಕ್ಕೆ ಬನ್ನಿ ಎಂಬ ಮಾತನ್ನು ಆ ಮನೆತನದಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ, ಎಲ್ಲಿಂದ ಶುರುಮಾಡಬೇಕು ಎಂದು ಅವರಿಗೆ ತಿಳಿಯಲಿಲ್ಲ. ನಾವು ನೋಡುತ್ತಿದ್ದಂತೆ ಅವರ ಎಡ ಹೆಗಲು ಮೆಲ್ಲಗೆ ಕೆಳಗಿಳಿಯಿತು. ಇಷ್ಟು ವರ್ಷ ತಮ್ಮ ಪ್ರಶ್ನೆಯನ್ನು ಬಡವರ ಮಕ್ಕಳ ಮೇಲೆ ಹೊರಿಸುತ್ತ ಬಂದ ಮನುಷ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ವಾಲಿ ನಿಂತರು. ಜುಬ್ಬ ಒಂದು ಕಡೆ ಜೋತು ಬಿತ್ತು.

"ಹೆಂಗೆ," ಎಂದರು, ಸಣ್ಣ ದನಿಯಲ್ಲಿ. "ಊಟಕ್ಕೆ ಹೆಂಗೆ ಕರೀಬೇಕು?"

ಹೊನ್ನೂರಮ್ಮ ಏಳಲಿಲ್ಲ. ಕೂತಲ್ಲಿಂದಲೇ ಸ್ವಲ್ಪ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು, ರೊಟ್ಟಿ ಮುರಿದಳು. "ಬರ್ರಿ, ಕುಂದ್ರಿ," ಎಂದಳು. "ಹಿಂಗೆ."

ಅವರು ಕೂತರು. ನಾನು ಇನ್ನೊಂದು ತಟ್ಟೆ ಹಾಕಿ, ಟೇಪು ತರಲು ಎದ್ದೆ.